ಎತ್ತಿದ ಕೈ

ಲೀಲಕ್ಕನ ಸಾವಿಗೆ ಅವರ ಗಂಡ ಶೇಷಪ್ಪನವರು ಕಾರಣರಲ್ಲ. ಆ ದಿನ ಅವರು ತಮ್ಮ ಮೊಪೆಡನ್ನು ರಸ್ತೆಯ ಎಡ ಅಂಚಿನಲ್ಲಿ, ಇರಬೇಕಾದ ಜಾಗದಲ್ಲೇ, ನಿಧಾನವಾಗಿ ಓಡಿಸಿಕೊಂಡು ಬರುತ್ತಿದ್ದರು. ತಪ್ಪು ನನ್ನದು. ಅದನ್ನು ಅವರ ತಲೆಗೆ ಕಟ್ಟಿದವನೂ ನಾನೇ. ಒಂಬತ್ತು ವರ್ಷ — ಪೊಲೀಸರಿಗೆ, ಕೋರ್ಟಿಗೆ, ಊರಿಗೆ, ಕೊನೆಗೆ ಅವರಿಗೇ — ಹೆಂಡತಿಯನ್ನು ಕೊಂದವರು ಅವರೇ ಎಂದು ನಂಬಿಸಿದೆ. ಅವರು ನಂಬಿದರು.

ಇಷ್ಟನ್ನು ಬರೆಯಲು ಹತ್ತು ನಿಮಿಷ ಹಿಡಿಯಲಿಲ್ಲ. ಬಾಯಿಂದ ಹೊರಡಿಸಲು ಒಂಬತ್ತು ವರ್ಷ ಬೇಕಾಯಿತು.

ನನ್ನ ಹೆಸರು ಲೋಕೇಶ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡವರ ಮನೆಯವನು. ಎಂಟು ವರ್ಷ ಮೋಟಾರ್‌ಸೈಕಲ್ ರೇಸಿನಲ್ಲಿದ್ದೆ. ಚೆನ್ನೈ, ಕೊಯಮತ್ತೂರು ಕಡೆಯ ಟ್ರ್ಯಾಕುಗಳಲ್ಲಿ ಓಡಿಸಿದೆ. ನೇರದಲ್ಲಿ ನನ್ನನ್ನು ಯಾರು ಬೇಕಾದರೂ ಹಿಂದೆ ಹಾಕುತ್ತಿದ್ದರು. ತಿರುವು ಬಂದಾಗ ನಾನು ಅವರನ್ನು ಮತ್ತೆ ಹಿಡಿಯುತ್ತಿದ್ದೆ. ತಿರುವುಗಳಲ್ಲಿ ಎತ್ತಿದ ಕೈ ಎಂದು ಒಮ್ಮೆ ಮಡಿಕೇರಿಯ ಪತ್ರಿಕೆಯೊಂದು ಬರೆದಿತ್ತು. ಆ ತುಂಡನ್ನು ಕತ್ತರಿಸಿ ಬಹಳ ದಿನ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಮಣಿಕಟ್ಟು ಎರಡು ಸಲ ಮುರಿದ ಮೇಲೆ ರೇಸು ಬಿಟ್ಟು ಬಂದು, ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಸಿಮೆಂಟ್ ಕಣವನ್ನು ಬಾಡಿಗೆಗೆ ಹಿಡಿದು ಬೈಕ್ ಓಡಿಸುವುದನ್ನು ಕಲಿಸತೊಡಗಿದೆ. ಸುತ್ತಲಿನವರು ನನ್ನನ್ನು ಬೈಕ್ ಮಾಷ್ಟ್ರು ಎನ್ನುತ್ತಿದ್ದರು. ತಮಾಷೆಗೆ ಹುಟ್ಟಿದ ಹೆಸರು — ಆಮೇಲೆ ಅದರಲ್ಲಿ ಗೌರವವೂ ಸೇರಿಕೊಂಡಿತು. ಆ ಗೌರವವನ್ನು ನಾನು ಎಲ್ಲಿ ಖರ್ಚು ಮಾಡಿದೆ ಎಂಬುದೇ ಇಲ್ಲಿ ಹೇಳಬೇಕಾದದ್ದು.

ದೇಚಮ್ಮ ನನ್ನ ಶಿಷ್ಯೆ. ಆಗ ಅವಳಿಗೆ ಇಪ್ಪತ್ತಮೂರು. ಧೈರ್ಯ ಇತ್ತು, ಅದಕ್ಕಿಂತ ಹೆಚ್ಚಾಗಿ ಕೇಳುವ ಕಿವಿ ಇತ್ತು — ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದಳು. ಅವಳಿಗೆ ಕೈಗೂಡದಿದ್ದದ್ದು ಒಂದೇ. ಸಾಮಾನ್ಯ ಸವಾರ ತಿರುವಿಗೆ ಮೊದಲೇ ಬ್ರೇಕ್ ಹಿಡಿದು, ಬಿಟ್ಟು, ಆಮೇಲೆ ಗಾಡಿ ಬಾಗಿಸುತ್ತಾನೆ. ರೇಸಿನವನು ಮುಂದಿನ ಬ್ರೇಕನ್ನು ತಿರುವಿನ ಒಳಕ್ಕೂ ಒಯ್ಯುತ್ತಾನೆ, ಎರಡೇ ಬೆರಳಿನಲ್ಲಿ. ಗಾಡಿ ಬಾಗುತ್ತ ಹೋದಂತೆ ಬೆರಳು ಸಡಿಲವಾಗುತ್ತ ಬರಬೇಕು. ಟೈರಿಗೆ ಇರುವ ಹಿಡಿತ ಅಷ್ಟೇ. ಅದರಲ್ಲೇ ಬ್ರೇಕಿಗೂ ಪಾಲು, ಬಾಗುವುದಕ್ಕೂ ಪಾಲು. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದು ಕೈಬಿಡುತ್ತದೆ. ಬ್ರೇಕನ್ನು ಹಿಡಿಯುವುದು ಯಾರಿಗೂ ಬರುತ್ತದೆ, ಬಿಡುವುದು ವಿದ್ಯೆ. ದೇಚಮ್ಮ ಅದನ್ನು ಒಮ್ಮೆಗೇ ಬಿಟ್ಟುಬಿಡುತ್ತಿದ್ದಳು. ಗಾಡಿಯ ಮೂತಿ ಮೇಲೆದ್ದು ಅವಳು ಹೊರಕ್ಕೆ ಹೋಗುತ್ತಿದ್ದಳು.

ಮುಂದಿನ ತಿಂಗಳು ಅವಳ ರೇಸು. ಕಾಫಿ ಪಿಕ್ಕಿಂಗ್ ಶುರುವಾಗಿತ್ತು, ಕಣದ ತುಂಬ ಕಾಫಿ ಹರಡಿದ್ದರು. ಅಭ್ಯಾಸಕ್ಕೆ ಜಾಗ ಇರಲಿಲ್ಲ. ರಸ್ತೆಯಲ್ಲಿ ಮಾಡೋಣ ಎಂದವನು ನಾನು. ಅವಳು ಒಮ್ಮೆ ಕೇಳಿದಳು — ರೋಡಲ್ಲಿ ಬೇಡ ಅಂತ ನೀವೇ ಹೇಳ್ತಿದ್ರಲ್ಲ ಸರ್ ಎಂದು. ನಾನು ಮೇಲೆ ನಿಂತು ನೋಡಿಕೊಳ್ಳುತ್ತೇನೆ, ನಾನಿದ್ದೇನಲ್ಲ ಎಂದೆ.

ಸುಂಟಿಕೊಪ್ಪದಿಂದ ಎಸ್ಟೇಟುಗಳ ಒಳಗೆ ಹೋಗುವ ಕಿರಿದಾದ ಡಾಂಬರು ರಸ್ತೆ ಅದು. ಭಾನುವಾರ ಬೆಳಿಗ್ಗೆ ಅಲ್ಲಿ ಗಾಡಿ ಕಡಿಮೆ. ಅಲ್ಲೊಂದು ಬಲ ತಿರುವು. ತಿರುವಿನ ಒಳಮಗ್ಗುಲಲ್ಲಿ ಗುಡ್ಡ ಕಡಿದು ಉಳಿದ ಆಳೆತ್ತರದ ಮಣ್ಣಿನ ಬರೆ, ಬರೆಯ ಮೇಲೆ ಕಾಫಿ ಗಿಡ — ಬರುವವರಿಗೆ ಎದುರಿನದು ಏನೂ ಕಾಣುವುದಿಲ್ಲ. ಬರೆಯ ಮೇಲೆ ನಿಂತವನಿಗೆ ಮಾತ್ರ ಎರಡೂ ಕಡೆ ಕಾಣುತ್ತದೆ. ನಾನು ಅಲ್ಲಿ ನಿಂತೆ. ನಮ್ಮ ನಡುವೆ ಒಪ್ಪಂದ ಹೀಗಿತ್ತು: ಎದುರಿನಿಂದ ಯಾರೂ ಬರದಿದ್ದರೆ ನಾನು ಬಲಗೈ ಎತ್ತುತ್ತೇನೆ, ಆಗ ಅವಳು ರಸ್ತೆ ಪೂರ್ತಿ ಬಳಸಬಹುದು — ಎಡ ಅಂಚಿನಿಂದ ಹೊರಟು, ಬಲ ಅಂಚನ್ನು ಮುಟ್ಟಿ, ಮತ್ತೆ ಎಡಕ್ಕೆ. ಕೈ ಎತ್ತದಿದ್ದರೆ ತನ್ನ ಬದಿಯಲ್ಲೇ ನಿಧಾನವಾಗಿ ಬರಬೇಕು. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಅಲ್ಲಿಯ ವಿದ್ಯೆಯೆಲ್ಲ ಆ ಒಂದು ನಂಬಿಕೆಯ ಮೇಲೆ ನಿಂತಿದೆ. ರಸ್ತೆಯಲ್ಲಿ ಆ ನಂಬಿಕೆಯ ಜಾಗದಲ್ಲಿ ನನ್ನ ಕೈ ಇತ್ತು.

ಆರು ಸಲ ಸರಿಯಾಗಿ ನೋಡಿ ಎತ್ತಿದೆ. ಆರನೆಯ ಸಲ ಅವಳ ಬೆರಳಿಗೆ ಅದು ಬಂದಿತು — ಪೂರ್ತಿ ಅಲ್ಲ, ಬಂದ ಹಾಗೆ. ಏಳನೆಯ ಸಲ ಅವಳು ಬರುವಾಗ ನಾನು ಅವಳ ಮುಂದಿನ ಚಕ್ರವನ್ನೇ ನೋಡುತ್ತಿದ್ದೆ. ಚಕ್ರದ ಮೇಲಿನ ಸ್ಪ್ರಿಂಗಿನ ಫೋರ್ಕ್ ಬ್ರೇಕಿಗೆ ಎಷ್ಟು ಕೂರುತ್ತದೆ, ಯಾವಾಗ ಏಳುತ್ತದೆ ಎಂದು. ನೋಡುತ್ತಲೇ ಕೈ ಎತ್ತಿದೆ. ಎದುರಿನ ಕಡೆಗೆ ಕತ್ತು ತಿರುಗಿಸಲೇ ಇಲ್ಲ.

ಶೇಷಪ್ಪನವರು ಅದೇ ರಸ್ತೆಯ ಮೇಲಿನ ಎಸ್ಟೇಟಿನಲ್ಲಿ ರೈಟರ್ — ಕೂಲಿಯವರ ಹಾಜರಿ ಬರೆಯುವ ಕೆಲಸ. ಲೀಲಕ್ಕನನ್ನು ಹಿಂದೆ ಕೂರಿಸಿಕೊಂಡು ಸುಂಟಿಕೊಪ್ಪದಲ್ಲಿದ್ದ ಆಕೆಯ ತಮ್ಮನ ಮನೆಗೆ ಹೊರಟಿದ್ದರು. ಇಳಿಜಾರಾದ್ದರಿಂದ ಮೊಪೆಡ್ಡಿನ ಸದ್ದು ಕಡಿಮೆ ಇತ್ತು. ಆದರೆ ನಾನು ಅಲ್ಲಿ ನಿಂತದ್ದು ಕೇಳುವುದಕ್ಕಲ್ಲ, ನೋಡುವುದಕ್ಕೆ.

ದೇಚಮ್ಮ ಪೂರ್ತಿ ಬಾಗಿ ಬಲ ಅಂಚನ್ನು ಮುಟ್ಟುವ ಹೊತ್ತಿಗೆ ಅವರು ಅದೇ ಅಂಚಿನಲ್ಲಿ ಎದುರಾದರು. ಅದು ಅವರ ಎಡ. ಬರೆಗೆ ಇನ್ನಷ್ಟು ಒತ್ತಿಕೊಳ್ಳಲು ನೋಡಿದರು, ಅಲ್ಲಿ ಜಾಗ ಇರಲಿಲ್ಲ. ಅವಳು ಗಾಡಿಯನ್ನು ನೆಟ್ಟಗೆ ಮಾಡಿ ಬ್ರೇಕ್ ಹಿಂಡಿದಳು. ರಸ್ತೆಯ ಮೇಲೆ ಕಪ್ಪು ಗೆರೆ ಬಿತ್ತು. ಗೆರೆ ಮುಗಿದಲ್ಲಿ —

ನಾನು ಬರೆಯಿಂದ ಹಾರಿ ಮೊದಲು ಓಡಿದ್ದು ದೇಚಮ್ಮನ ಕಡೆಗೆ. ಇದನ್ನೂ ಹೇಳಬೇಕು. ಮೈತುಂಬ ರೇಸಿನ ಚರ್ಮದ ಉಡುಪು ಹಾಕಿಕೊಂಡಿದ್ದ, ಎದ್ದು ಕೂರಲು ನೋಡುತ್ತಿದ್ದ ಅವಳ ಕಡೆಗೆ ಮೊದಲು ಓಡಿದೆ. ಸೀರೆಯಲ್ಲಿ ರಸ್ತೆಯ ಮೇಲೆ ಬಿದ್ದಿದ್ದವರ ಕಡೆಗೆ ಆಮೇಲೆ ಹೋದೆ. ಶೇಷಪ್ಪನವರು ಚರಂಡಿಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದರು. ಲೀಲಕ್ಕನಿಗೆ ಎಚ್ಚರ ಇತ್ತು. ನನ್ನ ಅಂಗಿ ಹಿಡಿದುಕೊಂಡರು. ಗಂಡನನ್ನು ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ.

“ನಾವು ಬದೀಲೇ ಬಂದದ್ದಲ್ವಾ?”

“ಹೌದಕ್ಕ, ಬದೀಲೇ ಬಂದದ್ದು,” ಎಂದೆ.

ಈ ವಿಷಯದಲ್ಲಿ, ಒಂಬತ್ತು ವರ್ಷದ ಮಟ್ಟಿಗೆ, ನಾನು ಆಡಿದ ಕೊನೆಯ ನಿಜ ಅದು. ಎಸ್ಟೇಟಿನ ಜೀಪಿನಲ್ಲಿ ಮೂವರನ್ನೂ ಮಡಿಕೇರಿ ಆಸ್ಪತ್ರೆಗೆ ಸಾಗಿಸಿದೆವು. ದಾರಿಯಲ್ಲೇ ಲೀಲಕ್ಕನ ಕೈ ನನ್ನ ಅಂಗಿಯಿಂದ ಬಿಟ್ಟುಹೋಯಿತು.

ಮಧ್ಯಾಹ್ನ ಪೊಲೀಸರು ಜಾಗಕ್ಕೆ ಬಂದರು. ಆ ಹೊತ್ತಿಗೆ ನಾನು ಏನು ಹೇಳಬೇಕೆಂದು ತೀರ್ಮಾನಿಸಿದ್ದೆನೇ? ಇಲ್ಲ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದೆ — ಗಾಬರಿಯಲ್ಲಿ ಬಾಯಿಗೆ ಬಂದದ್ದು ಎಂದು. ಅದೂ ಸುಳ್ಳು. ಆಸ್ಪತ್ರೆಯಿಂದ ಹಿಂದಕ್ಕೆ ಬರುವ ದಾರಿಯಲ್ಲಿ ನಾನು ಆ ತಿರುವನ್ನು ಮನಸ್ಸಿನಲ್ಲಿ ಹತ್ತು ಸಲ ಬಿಡಿಸಿ ನೋಡಿದ್ದೆ. ಪೇದೆ ರಸ್ತೆಯ ಮೇಲಿನ ಕಪ್ಪು ಗೆರೆ ತೋರಿಸಿ, ಇದು ಹುಡುಗಿ ಬೈಕಿನದ್ದಲ್ವಾ, ಬಲಗಡೆ ಯಾಕೆ ಬಂತು ಸರ್ ಎಂದು ಕೇಳಿದರು. ಸರಿಯಾದ ಪ್ರಶ್ನೆ. ನಾನು ಅವರ ಹತ್ತಿರವೇ ಕಾಗದ ಇಸಿದುಕೊಂಡು ತಿರುವಿನ ಚಿತ್ರ ಬರೆದೆ. ಆ ಚಿತ್ರದ ಪ್ರಕಾರ ಮೊಪೆಡ್ ತನ್ನ ಬದಿ ಬಿಟ್ಟು ಹೊರಕ್ಕೆ ಬಂತು. ತನ್ನ ಎಡದಲ್ಲಿದ್ದ ಇವಳು ತಪ್ಪಿಸಲೆಂದು ಬಲಕ್ಕೆ ತಿರುಗಿಸಿದಳು. ಅಷ್ಟರಲ್ಲಿ ಅವರೂ ತಮ್ಮ ಬದಿಗೆ ವಾಪಸು ಬಂದರು. ಗೆರೆ ಎಲ್ಲಿ ಶುರುವಾಗುತ್ತದೆ, ಭಾರ ಮುಂದಿನ ಚಕ್ರದ ಮೇಲೆ ಹೇಗೆ ಬೀಳುತ್ತದೆ — ಎಲ್ಲ ವಿವರಿಸಿದೆ. ಬಹಳ ಚೆನ್ನಾಗಿ ವಿವರಿಸಿದೆ. ಅವರು ನನ್ನ ರೇಸಿನ ವಿಚಾರ ಕೇಳಿ ತಿಳಿದಿದ್ದವರು. ಚಿತ್ರವನ್ನು ಮಡಚಿ ಫೈಲಿಗೆ ಹಾಕಿಕೊಂಡರು.

ಶಿಷ್ಯೆಯನ್ನು ಉಳಿಸಲು ಸುಳ್ಳು ಹೇಳಿದೆ ಎಂದುಕೊಂಡರೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂದೀತು. ಹಾಗಲ್ಲ. ದೇಚಮ್ಮ ನಿಜ ಹೇಳಿದರೆ ಮೊದಲು ಹೊರಬರುವುದು ನನ್ನ ಕೈ. ನಾನು ಉಳಿಸಿಕೊಂಡದ್ದು ನನ್ನ ಪಾಠವನ್ನು, ನನ್ನ ಹೆಸರನ್ನು.

ಅವಳ ಭುಜದ ಎಲುಬು ಮುರಿದಿತ್ತು. ಮಾರನೆಯ ದಿನ ಆಸ್ಪತ್ರೆಯಲ್ಲಿ ನನ್ನನ್ನು ಕಂಡ ಕೂಡಲೇ, ಅವರು ಅವರ ಸೈಡಲ್ಲೇ ಇದ್ರು ಸರ್ ಎಂದಳು. ಇಲ್ಲ ಎಂದೆ. ಅಷ್ಟು ಬಾಗಿದಾಗ ಕಣ್ಣು ರಸ್ತೆಯ ಅಗಲವನ್ನು ತಪ್ಪಾಗಿ ಅಳೆಯುತ್ತದೆ, ನಿನಗೆ ಹಾಗೆ ಕಂಡಿದೆ, ನಾನು ಮೇಲಿನಿಂದ ನೋಡಿದವನು ಎಂದೆ. ನಾನು ಕೈ ಎತ್ತಿದಾಗ ರಸ್ತೆ ಖಾಲಿ ಇತ್ತು ಎಂದೆ. ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಪೊಲೀಸರಿಗೆ, ನನಗೆ ಸರಿಯಾಗಿ ನೆನಪಿಲ್ಲ ಎಂದು ಹೇಳಿಕೆ ಕೊಟ್ಟಳು. ಮತ್ತೆ ಯಾವತ್ತೂ ಬೈಕ್ ಹತ್ತಲಿಲ್ಲ.

ಶೇಷಪ್ಪನವರಿಗೆ ಪೂರ್ತಿ ಎಚ್ಚರವಾಗಲು ಎಂಟು ದಿನ ಬೇಕಾಯಿತು. ತಲೆಗೆ ಬಿದ್ದ ಪೆಟ್ಟಿನಿಂದ ಆ ಬೆಳಗಿನದು ಏನೂ ನೆನಪಿರಲಿಲ್ಲ — ಮನೆಯ ಬಾಗಿಲಿಗೆ ಬೀಗ ಹಾಕಿದ್ದು ನೆನಪು, ಅದರ ಮುಂದಿನದು ಇಲ್ಲ. ಹೆಂಡತಿ ಹೋದ ಸುದ್ದಿಯನ್ನು ಅವರಿಗೆ ಆಗಷ್ಟೇ ಹೇಳಿದ್ದರು. ಪೊಲೀಸರು ಹೇಳಿದ್ದೂ ಕಿವಿಗೆ ಬಿದ್ದಿತ್ತು. ನಾನು ನೋಡಲು ಹೋದಾಗ ಮಗಳು ಹೇಮಾ ಮಂಚದ ಪಕ್ಕ ನಿಂತಿದ್ದಳು. ಆಗ ಅವಳು ನರ್ಸಿಂಗ್ ಓದುತ್ತಿದ್ದಳು.

“ಮಾಷ್ಟ್ರೇ, ನೀವು ಕಣ್ಣಾರೆ ಕಂಡವರು,” ಎಂದರು. “ನಾನೇ ಅವಳನ್ನು ಆ ಬದಿಗೆ ಕರ್ಕೊಂಡು ಹೋದದ್ದಾ?”

ಇಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗಲಿಲ್ಲ. ಸಿಕ್ಕಿದ್ದರೂ ನಾನು —

“ಹೌದು ಶೇಷಪ್ಪಣ್ಣ,” ಎಂದೆ.

ಅವರು ತಲೆಯಾಡಿಸಿದರು. ಹೇಮಾ ಹೊರಗೆ ಹೋದಳು. ಆಮೇಲೆ ಎರಡು ವರ್ಷ ಅವಳು ಅಪ್ಪನ ಮನೆಗೆ ಬರಲಿಲ್ಲ, ಹಾಸ್ಟೆಲಿನಲ್ಲೇ ಉಳಿದಳು. ಬಂದ ಮೇಲೂ ಬಡಿಸಿ ಎದ್ದುಹೋಗುತ್ತಿದ್ದಳಂತೆ, ಎದುರು ಕೂತು ಮಾತಾಡುತ್ತಿರಲಿಲ್ಲವಂತೆ. ಹನ್ನೊಂದನೆಯ ದಿನದ ಕಾರ್ಯ ಲೀಲಕ್ಕನ ತಮ್ಮನ ಮನೆಯಲ್ಲಿ ನಡೆಯಿತು. ತಲೆಗೆ ಬಟ್ಟೆ ಕಟ್ಟಿಕೊಂಡೇ ಹೋಗಿದ್ದ ಶೇಷಪ್ಪನವರನ್ನು ಜಗಲಿಯಿಂದ ಒಳಗೆ ಬಿಡಲಿಲ್ಲ. ಕೋರ್ಟಿನಲ್ಲಿ ವಾದ ಮಾಡಬಹುದು ಎಂದು ವಕೀಲರು ಹೇಳಿದರೂ ಅವರು ಕೇಳಲಿಲ್ಲ. ಮಾಷ್ಟ್ರೇ ನೋಡಿದ್ದಾರಲ್ಲ, ವಾದ ಎಂಥದ್ದು ಎಂದು ತಪ್ಪು ಒಪ್ಪಿಕೊಂಡರು. ಜೈಲಾಗಲಿಲ್ಲ. ದಂಡ ಹಾಕಿ ಬಿಟ್ಟರು.

ಆಮೇಲೆ ಅವರು ಗಾಡಿ ಮುಟ್ಟಲಿಲ್ಲ. ಕ್ವಾರ್ಟರ್ಸಿನಿಂದ ಎಸ್ಟೇಟ್ ಆಫೀಸಿಗೆ, ಆಫೀಸಿನಿಂದ ಸುಂಟಿಕೊಪ್ಪಕ್ಕೆ, ಎಲ್ಲ ಕಡೆಗೂ ನಡೆದೇ ಹೋಗುತ್ತಿದ್ದರು. ನನ್ನ ಬೈಕಿನ ಸದ್ದು ಕೇಳಿದರೆ ರಸ್ತೆ ಬಿಟ್ಟು ಹುಲ್ಲಿಗೆ ಇಳಿದು ನಿಲ್ಲುತ್ತಿದ್ದರು. ನಾನು ನಿಲ್ಲಿಸಿದರೆ ಮಾತಾಡುತ್ತಿದ್ದರು. ಮೇಲಿನಿಂದ ನೋಡಿದವನು ನಾನೊಬ್ಬನೇ ಆದ್ದರಿಂದ ವರ್ಷಕ್ಕೆ ಒಂದೆರಡು ಸಲವಾದರೂ ಕೇಳುತ್ತಿದ್ದರು — ತಾನು ಎಷ್ಟು ಜೋರಾಗಿ ಬರುತ್ತಿದ್ದೆ, ಹಾರ್ನ್ ಹಾಕಿದ್ದೆನಾ, ಲೀಲಾ ಏನಾದರೂ ಹೇಳಿದಳಾ. ಪ್ರತಿ ಸಲ ನಾನು ಏನಾದರೊಂದು ಸೇರಿಸಿ ಹೇಳುತ್ತಿದ್ದೆ. ಜೋರೇನೂ ಇರಲಿಲ್ಲ, ಸ್ವಲ್ಪ ಗಮನ ತಪ್ಪಿತು ಅಷ್ಟೇ ಎಂದು ಸಮಾಧಾನ ಮಾಡುತ್ತಿದ್ದೆ. ಸಮಾಧಾನ! ಲೀಲಕ್ಕ ಏನೂ ಹೇಳಲಿಲ್ಲ, ನೋವೇ ಆಗಿರಲಿಕ್ಕಿಲ್ಲ ಎಂದೆ. ಅವರು ಕೈ ಮುಗಿಯುತ್ತಿದ್ದರು. ಆವತ್ತು ಅವಳ ಹತ್ತಿರ ಕೂತಿದ್ದಿರಿ, ಅದು ಸಾಕು ಎನ್ನುತ್ತಿದ್ದರು.

ನನ್ನ ಶಾಲೆ ಬೆಳೆಯಿತು. ಕಾಲೇಜುಗಳಲ್ಲಿ ಸುರಕ್ಷಿತ ಸವಾರಿಯ ಬಗ್ಗೆ ಭಾಷಣಕ್ಕೆ ಕರೆಯುತ್ತಿದ್ದರು. ಎಡಕ್ಕಿರಿ, ಕಾಣದ ತಿರುವಿನಲ್ಲಿ ಎದುರಿನವನು ಇದ್ದೇ ಇದ್ದಾನೆ ಎಂದುಕೊಂಡು ಓಡಿಸಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಹೇಳುವಾಗ ನಾಲಿಗೆ ತಡವರಿಸುತ್ತಿರಲಿಲ್ಲ. ಮನುಷ್ಯ ಎಷ್ಟಕ್ಕೆ ಒಗ್ಗಿಕೊಳ್ಳುತ್ತಾನೆ ಎಂಬುದನ್ನು ನನ್ನನ್ನು ನೋಡಿ ತಿಳಿದುಕೊಂಡೆ.

ಕಳೆದ ತಿಂಗಳು ಹೇಮಾ ಕಣಕ್ಕೆ ಬಂದಳು. ಈಗ ಅವಳು ಆರೋಗ್ಯ ಕೇಂದ್ರವೊಂದರಲ್ಲಿ ನರ್ಸ್. ಹೊತ್ತಲ್ಲದ ಹೊತ್ತಿಗೆ ಮನೆಮನೆಗೆ ಹೋಗಬೇಕು, ಬಸ್ಸು ಕಾಯುತ್ತ ಕೂತರೆ ಆಗುವುದಿಲ್ಲ, ಸ್ಕೂಟರ್ ತೆಗೆದುಕೊಂಡಿದ್ದಳು. ಕಲಿಸಲು ಬೇರೆಯವರಿದ್ದರು. ಅವರನ್ನೆಲ್ಲ ಬಿಟ್ಟು ನನ್ನ ಹತ್ತಿರ ಬಂದಳು.

“ಸರಿಯಾಗಿ ಕಲಿಸಿ ಮಾಷ್ಟ್ರೇ,” ಎಂದಳು. “ಅಪ್ಪ ಓಡಿಸಿದ ಹಾಗೆ ಓಡಿಸೋದು ಬೇಡ ನಂಗೆ.”

ಎರಡು ದಿನ ಕಲಿಸಿದೆ. ಎರಡೂ ಬ್ರೇಕನ್ನು ಒಟ್ಟಿಗೆ, ಮೆಲ್ಲಗೆ ಹಿಡಿಯಬೇಕೆಂದು ಹೇಳಿಕೊಟ್ಟೆ. ಕಲ್ಲುಗಳನ್ನಿಟ್ಟು ಎಡ ತಿರುವು, ಬಲ ತಿರುವು ಮಾಡಿಸಿದೆ. ಅವಳು ಎಷ್ಟು ಹೆದರಿದ್ದಳೆಂದರೆ ಪ್ರತಿ ತಿರುವಿನಲ್ಲೂ ಎಡದ ಕಲ್ಲುಗಳಿಗೆ ಒತ್ತಿಕೊಂಡು, ಚಕ್ರ ಇನ್ನೇನು ತಾಗುತ್ತದೆ ಎನ್ನುವಷ್ಟು ಹತ್ತಿರ ಓಡಿಸುತ್ತಿದ್ದಳು. ಅಷ್ಟು ಅಂಚಿಗೆ ಹೋಗಬೇಡಿ ಎಂದೆ. ಅವಳು ಕೇಳಲಿಲ್ಲ. ಅವಳ ಅಪ್ಪ ಆ ದಿನ ಬಂದದ್ದೂ ಹೀಗೆಯೇ. ಮೂರನೆಯ ದಿನ ನಾನು ಕಣದಲ್ಲಿ ನಿಂತು ಅವಳಿಗೆ ಕೈಸನ್ನೆ ಮಾಡಬೇಕಾಗಿತ್ತು. ಕೈ ಏಳಲಿಲ್ಲ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಏಳಲಿಲ್ಲ. ಅವಳು ಸ್ಕೂಟರ್ ನಿಲ್ಲಿಸಿ ಏನಾಯ್ತು ಎಂದು ಕೇಳಿದಳು.

ಹೇಳಿದೆ. ಅಲ್ಲಿಯೇ, ಬಿಸಿಲಿನಲ್ಲಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ.

ಅವಳು ಅಳಲಿಲ್ಲ, ಬೈಯಲಿಲ್ಲ. ಹೆಲ್ಮೆಟ್ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಆಮೇಲೆ, “ಇದನ್ನು ಹೇಳ್ಬೇಕಾದ್ದು ನಂಗಲ್ಲ, ಅಪ್ಪನಿಗೆ. ಈಗಲೇ ಬನ್ನಿ,” ಎಂದಳು.

ಶೇಷಪ್ಪನವರು ಎಸ್ಟೇಟ್ ಆಫೀಸಿನ ಜಗಲಿಯಲ್ಲಿ ಹಾಜರಿ ಪುಸ್ತಕ ಬರೆಯುತ್ತಿದ್ದರು. ನನ್ನನ್ನು ಕಂಡು ಎದ್ದು ಕುರ್ಚಿ ಕೊಟ್ಟರು. ನಾನು ಕೂರಲಿಲ್ಲ. ಕೈ ಎತ್ತಿದ್ದರಿಂದ ಹಿಡಿದು ಪೊಲೀಸರಿಗೆ ಬರೆದುಕೊಟ್ಟ ಚಿತ್ರದವರೆಗೆ, ಲೀಲಕ್ಕ ಕೇಳಿದ ಮಾತಿನವರೆಗೆ, ಒಂದನ್ನೂ ಬಿಡದೆ ಹೇಳಿದೆ. ಕ್ಷಮಿಸಿ ಎನ್ನಲಿಲ್ಲ. ಅದನ್ನು ಕೇಳಿದರೆ ಅವರು ಕೊಟ್ಟುಬಿಡುತ್ತಾರೆ ಎಂಬ ಭಯ ಇತ್ತು — ಅವರ ಸ್ವಭಾವ ಅಂಥದ್ದು. ಹಾಗೆ ಸಿಗುವುದು ನನಗೆ ಬೇಡವಾಗಿತ್ತು.

ಹೇಮಾ ಕಂಬಕ್ಕೆ ಒರಗಿ ಅಪ್ಪನನ್ನೇ ನೋಡುತ್ತಿದ್ದಳು. ಅವರು ಕನ್ನಡಕ ತೆಗೆದು ಪುಸ್ತಕದ ಮೇಲೆ ಇಟ್ಟರು.

“ಒಂಬತ್ತು ವರ್ಷ ಅವಳ ಫೋಟೋಕ್ಕೆ ನಾನು ದೀಪ ಹಚ್ಚಲಿಲ್ಲ,” ಎಂದರು. “ಹಚ್ಚುವ ಕೈ ಇದಲ್ಲ ಅಂತ.”

ಅಷ್ಟೇ ಹೇಳಿದ್ದು. ಕನ್ನಡಕ ಬಿಟ್ಟೇ ಮೆಟ್ಟಿಲಿಳಿದು ಕ್ವಾರ್ಟರ್ಸಿನ ಕಡೆಗೆ ನಡೆದರು. ಹೇಮಾ ಕನ್ನಡಕ ಎತ್ತಿಕೊಂಡು ಹಿಂದೆಯೇ ಓಡಿದಳು. ದಾರಿಯಲ್ಲಿ ಅವರ ಕೈ ಹಿಡಿಯಲು ಹೋದಳು, ಅವರು ಹಿಡಿಸಿಕೊಳ್ಳಲಿಲ್ಲ. ನನ್ನ ಮೇಲಿನ ಸಿಟ್ಟಲ್ಲ ಅದು. ಮಗಳೂ ನಂಬಿದ್ದಳಲ್ಲ — ಆ ಲೆಕ್ಕ ಅವರಿಬ್ಬರ ನಡುವಿನದು. ಅದನ್ನು ಹುಟ್ಟಿಸಿದವನು ನಾನು. ನಿಜ ಹೇಳಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ ಎಂದು ಅಲ್ಲಿ ನಿಂತು ನೋಡಿದೆ.

ಶಾಲೆ ಮುಚ್ಚಿದೆ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬರೆದುಕೊಟ್ಟೆ. ಹಳೇ ಕೇಸು, ಮೇಲಿನವರನ್ನು ಕೇಳಬೇಕು, ಕರೆದಾಗ ಬನ್ನಿ ಎಂದಿದ್ದಾರೆ. ಕರೆಯುತ್ತಾರೆ, ಹೋಗುತ್ತೇನೆ. ದೇಚಮ್ಮನಿಗೆ ಫೋನ್ ಮಾಡಿದೆ. ಈಗ ಮೈಸೂರಿನಲ್ಲಿದ್ದಾಳೆ, ಒಂದು ಮಗುವಿದೆ. ಎಲ್ಲ ಕೇಳಿ, ನಂಗೆ ಗೊತ್ತಿತ್ತು ಸರ್ ಎಂದಳು. ಗೊತ್ತಿದ್ದೂ ನಿಮ್ಮ ಮಾತನ್ನೇ ನಂಬಿಕೊಂಡೆ, ನಂಬೋದು ಸುಲಭ ಇತ್ತು ಎಂದಳು. ತಾನೂ ಬಂದು ಹೇಳಿಕೆ ಕೊಡುತ್ತೇನೆ ಎಂದು ಫೋನ್ ಇಟ್ಟಳು. ಮಾತಿನ ನಡುವೆ ಎಲ್ಲೂ ನಾನು ಹೇಗಿದ್ದೇನೆಂದು ಕೇಳಲಿಲ್ಲ.

ವಾರದ ನಂತರ ಹೇಮಾ ಒಂದು ಚೀಟಿ ಕೊಟ್ಟಳು. ಅದರಲ್ಲಿ ಐದು ಮನೆಗಳ ಹೆಸರಿತ್ತು, ಅಪ್ಪನನ್ನು ಕೊಲೆಗಾರ ಎಂದು ಕರೆದವರವು. ಬರೆದು ಕಳಿಸುವುದು ಬೇಡ, ಫೋನೂ ಬೇಡ, ಹೋಗಿ ಬಾಯಲ್ಲಿ ಹೇಳಬೇಕು ಎಂದಳು. ಇವತ್ತಿಗೆ ನಾಲ್ಕು ಮನೆ ಮುಗಿದಿವೆ. ಲೀಲಕ್ಕನ ತಮ್ಮ ನನ್ನ ಕೆನ್ನೆಗೆ ಹೊಡೆದರು. ಹೊಡೆದು, ಜಗಲಿಯಲ್ಲಿ ಕೂತು ತಾವೇ ಅತ್ತರು. ಒಂದು ಮನೆಯಲ್ಲಿ ಕಾಫಿ ಕೊಟ್ಟರು. ಹೊಡೆತಕ್ಕಿಂತ ಆ ಕಾಫಿ ಕಷ್ಟವಾಯಿತು.

ಐದನೆಯದು ಕರಿಕೆಯಲ್ಲಿ, ಲೀಲಕ್ಕನ ತಾಯಿಯ ಮನೆ. ಮಗಳು ಸತ್ತ ದಿನದಿಂದ ಆ ಅಜ್ಜಿ ಅಳಿಯನ ಹೆಸರೆತ್ತಿ ಶಾಪ ಹಾಕದೆ ಊಟಕ್ಕೆ ಕೂತವರಲ್ಲವಂತೆ. ನಾಳೆ ಬೆಳಿಗ್ಗೆ ಮಡಿಕೇರಿಯಿಂದ ಬಸ್ಸಿಗೆ ಹೋಗುತ್ತಿದ್ದೇನೆ. ಅಜ್ಜಿಗೆ ಕಿವಿ ಮಂದ, ಒಂದೇ ಸಲಕ್ಕೆ ಕೇಳಿಸುವುದಿಲ್ಲ ಎಂದು ಹೇಮಾ ಹೇಳಿದ್ದಾಳೆ. ಗಟ್ಟಿಯಾಗಿ ಹೇಳಬೇಕು. ಎಷ್ಟು ಗಟ್ಟಿಯಾಗಿ ಎಂದರೆ ಅಂಗಳದಲ್ಲಿರುವವರಿಗೂ, ಪಕ್ಕದ ಮನೆಯವರಿಗೂ ಕೇಳಬೇಕು. ಅವರಿಗೆ ಅರ್ಥವಾಗುವವರೆಗೆ, ಎಷ್ಟು ಸಲ ಬೇಕಾದರೂ.